ಖಡಕಿಯ ನೀರು, ಔರಂಗಾಬಾದಿನ ತೋಟಗಳು

ಎಲ್ಲೋರದ ಕೈಲಾಸವನ್ನು ಕಾಣಲು ಹೊರಟ ಕನ್ನಡಿಗರು ಸಾಮಾನ್ಯವಾಗಿ ಔರಂಗಾಬಾದಿನಲ್ಲಿ, ಇಂದಿನ ಛತ್ರಪತಿ ಸಂಭಾಜಿನಗರದಲ್ಲಿ, ಒಂದು ರಾತ್ರಿ ತಂಗುತ್ತಾರೆ. ಸಂಜೆ ಬೀಬಿ ಕಾ ಮಕ್ಬರಾ ನೋಡಿ, ಬೆಳಗಾದರೆ ಅಜಂತಾದ ದಾರಿ ಹಿಡಿಯುತ್ತಾರೆ. ಮಕ್ಬರಾದಿಂದ ಬಹಳ ದೂರವಿಲ್ಲದ ಗುಡ್ಡದ ತಪ್ಪಲಿನಲ್ಲಿ ಸೋನೇರಿ ಮಹಲು ಎಂಬ ಎರಡಂತಸ್ತಿನ ಕಟ್ಟಡವಿದೆ. ಹದಿನೇಳನೆಯ ಶತಮಾನದ ಬುಂದೇಲಾ ಸರದಾರನೊಬ್ಬ ಊರಿನ ಗದ್ದಲದಿಂದ ದೂರವಾಗಿ ಕಟ್ಟಿಕೊಂಡ ಹೊರವಲಯದ ಮನೆ ಅದು. ಇಂದು ರಾಜ್ಯ ಪುರಾತತ್ತ್ವ ಇಲಾಖೆಯ ವಸ್ತುಸಂಗ್ರಹಾಲಯ. ದೆಹಲಿ ದರವಾಜೆಯ ಬಳಿ ಹಿಮಾಯತ್ ಬಾಗ್ ಎಂಬ ವಿಶಾಲ ಹಳೆಯ ತೋಟವಿದೆ; ಬೆಳಗಿನ ಹೊತ್ತು ಊರಿನವರು ಅಲ್ಲಿ ನಡೆದಾಡುತ್ತಾರೆ. ದಖ್ಖನಿನ ಈ ಭಾಗದಲ್ಲಿ ಅರಸರೂ ಸರದಾರರೂ ಕಟ್ಟಿದ ಇಂಥ ಮನೆ-ತೋಟಗಳು ಲೆಕ್ಕವಿಲ್ಲದಷ್ಟಿದ್ದವು. ಉಳಿದವು ಬೆರಳೆಣಿಕೆಯಷ್ಟು. ಯಾವುದು ಉಳಿಯಿತು, ಯಾವುದು ಅಳಿಯಿತು ಎಂಬುದನ್ನು ಕಟ್ಟಿದವನ ಹೆಸರಾಗಲಿ ಕಲ್ಲಿನ ಗಟ್ಟಿತನವಾಗಲಿ ತೀರ್ಮಾನಿಸಲಿಲ್ಲ. ಆ ಜಾಗದ ನೀರಿನಲ್ಲಿ, ನೆಲದಲ್ಲಿ ಎಷ್ಟು ಜನರಿಗೆ ಪಾಲಿತ್ತು ಎಂಬುದು ತೀರ್ಮಾನಿಸಿತು. ಖಡಕಿ ಎಂಬ ಹಳ್ಳಿಯಾಗಿದ್ದ ಈ ಊರು ರಾಜಧಾನಿಯಾದ ದಿನದಿಂದ ಕಥೆಯನ್ನು ಬಿಡಿಸಿದರೆ ಇದು ಸ್ಪಷ್ಟವಾಗುತ್ತದೆ.

1610ರಲ್ಲಿ ಖಡಕಿಯನ್ನು ಅಹಮದ್‌ನಗರದ ನಿಜಾಮಶಾಹಿಯ ರಾಜಧಾನಿಯಾಗಿ ಆರಿಸಿಕೊಂಡವನು ಮಲಿಕ್ ಅಂಬರ್. ಇಥಿಯೋಪಿಯಾದಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ಗುಲಾಮನಾಗಿ ಮಾರಾಟವಾಗಿ, ಬಾಗ್ದಾದಿನ ಮೂಲಕ ದಖ್ಖನಿಗೆ ಬಂದವನು. ಅಹಮದ್‌ನಗರದ ಪೇಶ್ವೆಯಾಗಿದ್ದ ಚಂಗೇಜ್ ಖಾನನೇ ಅವನನ್ನು ಕೊಂಡಿದ್ದ. ಯಲ್ಲಾಪುರ, ಹಳಿಯಾಳದ ಸಿದ್ದಿಗಳನ್ನು ಬಲ್ಲ ನಮಗೆ ಆಫ್ರಿಕಾದಿಂದ ದಖ್ಖನಿಗೆ ಬಂದ ಜನರ ಚರಿತ್ರೆ ಅಪರಿಚಿತವಲ್ಲ. ಆ ಚರಿತ್ರೆಯಲ್ಲಿ ರಾಜ್ಯದ ಚುಕ್ಕಾಣಿಯನ್ನೇ ಹಿಡಿದವನು ಈತ. ಮೊಗಲರ ದಂಡನ್ನು ಅವನು ವರ್ಷಗಟ್ಟಲೆ ಕಾಡಿದ. ಜಹಾಂಗೀರನಿಗೆ ಅವನ ಮೇಲಿದ್ದ ಸಿಟ್ಟು ಎಷ್ಟೆಂದರೆ, ಯುದ್ಧದಲ್ಲಿ ಕೈಗೆ ಸಿಗದವನ ರುಂಡಕ್ಕೆ ತಾನು ಬಾಣ ಹೂಡಿ ನಿಂತಂತೆ ಆಸ್ಥಾನದ ಚಿತ್ರಗಾರ ಅಬುಲ್ ಹಸನ್‌ನಿಂದ ಚಿತ್ರ ಬರೆಸಿಕೊಂಡ. 1616ರಲ್ಲಿ ರೋಶನ್‌ಗಾಂವ್ ಕದನದಲ್ಲಿ ಅಂಬರ್ ಸೋತಾಗ ಮೊಗಲರು ಖಡಕಿಗೆ ನುಗ್ಗಿ ಸುಟ್ಟರು. 1621ರಲ್ಲಿ ಊರು ಮತ್ತೊಮ್ಮೆ ಅವರ ಕೈಯಲ್ಲಿ ಹಾಳಾಯಿತು. ಈ ಎರಡು ವಿನಾಶಗಳ ನಡುವೆಯೇ ಅವನು ಊರಿಗೆ ನೀರು ತಂದ. ನಹರ್-ಎ-ಅಂಬರಿ ಎಂದು ಹೆಸರಾದ ನೆಲದಡಿಯ ಕಾಲುವೆಯ ಕೆಲಸವನ್ನು ಸಾಮಾನ್ಯವಾಗಿ 1617ರ ಸುಮಾರಿಗೆ ಇಡುತ್ತಾರೆ. ಒಮ್ಮೆ ಸುಟ್ಟ ಊರಿಗೆ, ಶತ್ರು ಮತ್ತೆ ಬರುತ್ತಾನೆಂದು ಗೊತ್ತಿದ್ದೂ, ಕೋಟೆಗಿಂತ ಮೊದಲು ನೀರು ತಂದದ್ದನ್ನು ನಾನು ಆ ಕಾಲದ ಬಹುದೊಡ್ಡ ರಾಜಕೀಯ ತೀರ್ಮಾನವೆಂದೇ ತಿಳಿಯುತ್ತೇನೆ. ಊರಿನ ಸುತ್ತಲ ದೊಡ್ಡ ಗೋಡೆ ಏಳುವುದು ಮುಂದೆ ಔರಂಗಜೇಬನ ಕಾಲದಲ್ಲಿ, 1680ರ ದಶಕದಲ್ಲಿ.

ನಹರಿನ ತಂತ್ರ ಬೀದರಿನವರಿಗೆ ಬೇಗ ಅರ್ಥವಾಗುತ್ತದೆ. ನೌಬಾದಿನ ಕರೇಜ್‌ನಲ್ಲಿ, ನಮ್ಮ ಜನ ಸುರಂಗ ಬಾವಿ ಎನ್ನುವುದರಲ್ಲಿ, ಇರುವುದೂ ಇದೇ ತರ್ಕ. ಗುಡ್ಡದ ಮಗ್ಗುಲಲ್ಲಿ ಮಣ್ಣಿನೊಳಗೆ ಜಿನುಗುವ ನೀರನ್ನು ಒಂದೆಡೆ ಸೇರಿಸಿ, ಕಣ್ಣಿಗೆ ಕಾಣದಷ್ಟು ಸಣ್ಣ ಇಳಿಜಾರಿನಲ್ಲಿ ನೆಲದಡಿಯ ದಾರಿಯಲ್ಲಿ ಹರಿಸುವುದು. ನಡುನಡುವೆ ಗಾಳಿಗೂ ಹೂಳು ತೆಗೆಯುವವರು ಇಳಿಯುವುದಕ್ಕೂ ಮೇಲಿನಿಂದ ಕಂಡಿಗಳನ್ನು ಬಿಡುವುದು. ಏತವಿಲ್ಲ, ಎತ್ತಿಲ್ಲ, ನೆಲದ ಇಳಿಜಾರೇ ನೀರನ್ನು ನಡೆಸುತ್ತದೆ. ಬಿಸಿಲಿಗೆ ಆವಿಯಾಗದೆ, ಶತ್ರು ಸುಲಭವಾಗಿ ಕೆಡಿಸಲಾಗದಂತೆ ನೀರು ಊರಿನ ತೊಟ್ಟಿಗಳನ್ನು ಮುಟ್ಟುತ್ತಿತ್ತು. ಇಂದು ಊರಿನ ಸುತ್ತ ಇರುವ ಹತ್ತಾರು ಹಳೆಯ ಕಾಲುವೆಗಳಲ್ಲಿ ಯಾವುದು ನಿಜವಾಗಿ ಅಂಬರನದು, ಯಾವುದು ಮೊಗಲರು ಸೇರಿಸಿದ್ದು ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಈ ಲೇಖನದ ವಾದಕ್ಕೆ ಆ ಜಗಳ ಅಡ್ಡಿಯಾಗದು. ಅಂಬರ್ ಹಾಕಿಕೊಟ್ಟ ಕ್ರಮವನ್ನೇ ಅವನ ವೈರಿಗಳು ಮುಂದುವರಿಸಿದರು ಎಂಬುದನ್ನು ಎರಡೂ ಪಕ್ಷಗಳು ಒಪ್ಪುತ್ತವೆ. ಇಂಥ ಕಾಲುವೆ ಒಬ್ಬನ ಸೊತ್ತಾಗಿ ಉಳಿಯಲಾರದು. ಅದು ಹತ್ತಾರು ಜನರ ಹೊಲದಡಿಯಲ್ಲಿ ಹಾಯಬೇಕು, ಕಂಡಿಗಳನ್ನು ದಾರಿಯುದ್ದಕ್ಕೂ ಯಾರೋ ಕಾಯಬೇಕು, ಹೂಳು ತೆಗೆಯಲು ಊರವರು ಇಳಿಯಬೇಕು. ಅರಮನೆಗೆಂದೇ ತಂದರೂ ಹೆಚ್ಚಾದ ನೀರು ಕೆಳಗಿನ ಕೇರಿಗೆ ಇಳಿದೇ ಇಳಿಯುತ್ತದೆ.

ಅಂಬರನನ್ನು ಲೋಕೋಪಕಾರಿಯೆಂದು ಚಿತ್ರಿಸುವುದು ನನ್ನ ಉದ್ದೇಶವಲ್ಲ. 1624ರಲ್ಲಿ ಭಾತವಡಿಯಲ್ಲಿ ಮೊಗಲ-ಬಿಜಾಪುರ ಸೇನೆಗಳನ್ನು ಒಟ್ಟಿಗೆ ಸೋಲಿಸಿದ ಮೇಲೆ ಅವನ ದಂಡು ವಿಜಯಪುರದವರೆಗೆ ಬಂದು, ತೊರವಿಯ ಬಳಿ ಎರಡನೆಯ ಇಬ್ರಾಹಿಂ ಆದಿಲ್‌ಶಾಹ 1599ರಲ್ಲಿ ಆರಂಭಿಸಿದ್ದ ನವರಸಪುರವನ್ನು ಹಾಳುಗೆಡವಿತು. ಸಂಗೀತವನ್ನೇ ಉಸಿರಾಗಿಸಿಕೊಂಡ ಸುಲ್ತಾನನ ಕನಸಿನ ಊರು ಅದು. ತನ್ನ ಊರು ಸುಟ್ಟ ನೋವು ಬಲ್ಲವನೇ ಇನ್ನೊಬ್ಬನ ಊರನ್ನು ಸುಟ್ಟ. ಖಡಕಿ ಎರಡು ಬಾರಿ ಸುಟ್ಟರೂ ಎದ್ದಿತು, ನವರಸಪುರ ಏಳಲಿಲ್ಲ. ತೊರವಿಯಲ್ಲಿ ಇಂದು ಸಂಗೀತ ಮಹಲಿನ ಮುರುಕು ಕಮಾನುಗಳಿವೆ. ರಾಜಧಾನಿ ಪಕ್ಕದಲ್ಲೇ ಇದ್ದುದರಿಂದ ನವರಸಪುರದ ಅಗತ್ಯ ಯಾರಿಗೂ ಬೀಳಲಿಲ್ಲ ಎಂದು ಹೇಳಬಹುದು, ಅದು ನಿಜವೂ ಹೌದು. ಆದರೆ ಅಗತ್ಯ ಬೀಳಲಿಲ್ಲ ಎಂದರೆ, ಅಲ್ಲಿ ಅರಸನ ಹೊರತು ಬೇರೆಯವರ ಬದುಕು ಬೇರುಬಿಟ್ಟಿರಲಿಲ್ಲ ಎಂದೇ ಅರ್ಥವಲ್ಲವೆ?

1626ರಲ್ಲಿ ಅಂಬರ್ ತೀರಿಕೊಂಡ. ಮಗ ಫತೇ ಖಾನ್ ಊರಿಗೆ ಫತೇನಗರವೆಂದು ಹೆಸರಿಟ್ಟ. ಕೆಲವೇ ವರ್ಷಗಳಲ್ಲಿ ನಿಜಾಮಶಾಹಿಯೇ ಮುಗಿಯಿತು. 1636ರಲ್ಲಿ ದಖ್ಖನಿನ ಸುಬೇದಾರನಾಗಿ ಬಂದ ಔರಂಗಜೇಬ್, 1650ರ ದಶಕದಲ್ಲಿ ಎರಡನೆಯ ಬಾರಿ ಬಂದಾಗ ಊರಿಗೆ ತನ್ನ ಹೆಸರು ಕೊಟ್ಟ. ಅವನ ಹಿಂದೆ ಬಂದ ರಜಪೂತ, ಬುಂದೇಲಾ ಸರದಾರರಿಗೆ ಊರ ಹೊರಗೆ ಜಾಗ ಸಿಕ್ಕಿತು. ಅಲ್ಲಿ ಅವರು ಕಟ್ಟಿಕೊಂಡದ್ದು ಪುರಗಳನ್ನು: ನಡುವೆ ಯಜಮಾನನ ಮಹಲು, ಸುತ್ತ ತೋಟ, ಆಚೆಗೆ ದಂಡಿನವರ ಮನೆ, ಗುಡಿ ಅಥವಾ ಮಸೀದಿ, ಒಂದು ಪೇಟೆ. ಬಿಕಾನೇರದ ಕರಣಸಿಂಹನ ಕರಣಪುರ, ಅವನ ಮಗ ಪದಮಸಿಂಹನ ಪದಮಪುರ, ಜಸವಂತಪುರ, ಜಯಸಿಂಗಪುರ, ಬೇಗಂಪುರ. ಐವತ್ತೆರಡು ಪುರ, ಐವತ್ತೆರಡು ದರವಾಜೆ ಎಂಬ ಮಾತು ಊರಿನಲ್ಲಿ ಇಂದಿಗೂ ಇದೆ. ಈ ಸಾಲಿನಲ್ಲಿ ಪಹಾಡಸಿಂಗಪುರದ ಸೋನೇರಿ ಮಹಲೂ ಒಂದು. ಓರ್ಛಾದ ಪಹಾಡಸಿಂಹ 1650ರ ದಶಕದ ಆರಂಭದಲ್ಲಿ ಇದನ್ನು ಕಟ್ಟಿಸಿದನೆಂಬುದು ಪ್ರಚಲಿತ ಅಭಿಪ್ರಾಯ. ಅವನ ಅಣ್ಣ ಜುಝಾರಸಿಂಹನ ಬಂಡಾಯವನ್ನು 1635ರಲ್ಲಿ ಅಡಗಿಸಿದ ಮೊಗಲ ಸೇನೆಗೆ ಹೆಸರಿಗೆ ನಾಯಕನಾಗಿದ್ದವನು ಹದಿಹರೆಯದ ಔರಂಗಜೇಬನೇ. ಅದೇ ಮನೆತನದವನು ಮುಂದೆ ಅವನ ಜೊತೆ ದಖ್ಖನಿಗೆ ಬಂದ. ಎತ್ತರದ ಜಗತಿಯ ಮೇಲೆ ಕಲ್ಲು-ಗಾರೆಯಲ್ಲಿ ಎದ್ದ ಕಟ್ಟಡ, ಮುಂದೆ ತೋಟ, ಹಿಂದೆ ಗುಡ್ಡ. ಒಳಗೋಡೆಗಳಲ್ಲಿ ಬಂಗಾರದ ಬಣ್ಣದ ಚಿತ್ರಗಳಿದ್ದುದರಿಂದ ಸೋನೇರಿ ಎಂಬ ಹೆಸರು. ಆ ಬಣ್ಣದ ಗುರುತುಗಳಷ್ಟೇ ಈಗ ಉಳಿದಿವೆ.

ಬೀಬಿ ಕಾ ಮಕ್ಬರಾದ ಕಥೆ ಎಲ್ಲರಿಗೂ ಗೊತ್ತಿರುವುದರಿಂದ ಅಲ್ಲಿ ಹೆಚ್ಚು ನಿಲ್ಲಬೇಕಿಲ್ಲ. 1657ರಲ್ಲಿ ತೀರಿಕೊಂಡ ಔರಂಗಜೇಬನ ಹೆಂಡತಿ ದಿಲ್‌ರಸ್ ಬಾನು ಬೇಗಂಳ ಸಮಾಧಿ ಅದು. ಮಗ ಆಜಂ ಶಾಹ ಕಟ್ಟಿಸಿದನೆಂದು ಬಹುಕಾಲದಿಂದ ಹೇಳುತ್ತಾರೆ. ಆಜಂ ಹುಟ್ಟಿದ್ದು 1653ರಲ್ಲಿ. 1660ರ ಸುಮಾರಿಗೆ ಕಟ್ಟಡ ಎದ್ದಿದ್ದರೆ ಅವನಿಗಿನ್ನೂ ಏಳೆಂಟು ವರ್ಷ. ಕಟ್ಟಿಸಿದವನು ಔರಂಗಜೇಬನೇ, ಮಗ ಮುಂದೆ ದುರಸ್ತಿ ಮಾಡಿಸಿರಬಹುದು ಎನ್ನುವವರ ಮಾತು ಹೆಚ್ಚು ಸರಿಯೆನಿಸುತ್ತದೆ. ಬಾಗಿಲಿನ ಮೇಲೆ ಶಿಲ್ಪಿ ಅತಾವುಲ್ಲಾ, ಎಂಜಿನಿಯರ್ ಹಂಸಪತ್ ರಾಯ್ ಎಂಬ ಎರಡು ಹೆಸರುಗಳಿವೆ. ತಾಜಮಹಲಿನ ಬಡ ನೆರಳು ಎಂದು ಅದನ್ನು ಹಗುರಾಗಿ ನೋಡುವವರು ಸುತ್ತಲ ನಾಲ್ಪಾಲು ತೋಟವನ್ನೂ ಕಾರಂಜಿಗಳ ಸಾಲನ್ನೂ ಗಮನಿಸುವುದಿಲ್ಲ. ಒಣನಾಡಿನಲ್ಲಿ ಅಷ್ಟು ದೊಡ್ಡ ತೋಟವನ್ನು ಯೋಚಿಸುವ ಧೈರ್ಯ ಬಂದದ್ದೇ ಗುಡ್ಡದ ಕಡೆಯಿಂದ ನೀರು ತರುವ ವಿದ್ಯೆ ಕೈಗೂಡಿದ್ದರಿಂದ.

ಆ ವಿದ್ಯೆ ಅತ್ಯಂತ ಸುಂದರವಾಗಿ ಕಾಣುವ ಜಾಗ ಪಂಚಕ್ಕಿ. ಬುಖಾರಾದ ಕಡೆಯಿಂದ ಬಂದ ನಕ್ಷಬಂದಿ ಸೂಫಿ ಬಾಬಾ ಶಾಹ ಮುಸಾಫಿರರ ದರ್ಗಾ ಇಲ್ಲಿದೆ. ಅವರ ಮತ್ತು ಅವರ ಗುರುವಿನ ಬದುಕಿನ ಕಥನವೊಂದು ಪಾರಸಿಯಲ್ಲಿ ಉಳಿದು ಬಂದಿದೆ. ಸೈಮನ್ ಡಿಗ್ಬಿ ಅದನ್ನು ಇಂಗ್ಲಿಷಿಗೆ ತಂದಿದ್ದಾರೆ. ಔರಂಗಜೇಬನ ದಂಡಿನ ಮಧ್ಯ ಏಷ್ಯಾದ ಸಿಪಾಯಿಗಳಿಗೆ ಈ ಮಠ ಪರದೇಶದಲ್ಲಿ ಸಿಕ್ಕ ತವರಾಗಿತ್ತು ಎಂದು ಅದರಿಂದ ತಿಳಿಯುತ್ತದೆ. ಇಲ್ಲಿಯ ನೀರುಗಿರಣಿ ಹದಿನೇಳನೆಯ ಶತಮಾನದ ಕೊನೆಯದೆಂದು ಕೆಲವರು, ಮೊದಲನೆಯ ನಿಜಾಮ ಆಸಫ್ ಜಾಹನ ಪರಿವಾರದ ತುರ್ಕತಾಜ್ ಖಾನ್ ಹದಿನೆಂಟನೆಯ ಶತಮಾನದಲ್ಲಿ ಕಟ್ಟಿಸಿದನೆಂದು ಕೆಲವರು ಹೇಳುತ್ತಾರೆ. ನಿಜಾಮರ ಕಾಲದ ಗೆಜೆಟಿಯರು ಎರಡನೆಯದನ್ನು ಒಪ್ಪಿ, ಮುಂದಿನ ಹೌಜನ್ನು ಇಪ್ಪತ್ತು ವರ್ಷದ ಮೇಲೆ ಜಮೀಲ್ ಬೇಗ್ ಖಾನ್ ಸೇರಿಸಿದನೆನ್ನುತ್ತದೆ. ಕೆಲವು ಕಿಲೋಮೀಟರು ದೂರದ ಬೆಟ್ಟದ ಬುಡದಿಂದ ಮಣ್ಣಿನ ಕೊಳವೆಗಳಲ್ಲಿ ಹರಿದು ಬಂದ ನೀರು ಒಂದು ಎತ್ತರದ ಗೋಡೆಯೊಳಗೆ ತಾನಾಗಿ ಏರಿ, ತಲೆಯಿಂದ ಧಾರೆಯಾಗಿ ಹೌಜಿಗೆ ಧುಮುಕುತ್ತದೆ. ನೀರಿನ ಆ ಒತ್ತಡವೇ ಬೀಸುವ ಕಲ್ಲನ್ನು ತಿರುಗಿಸುತ್ತಿತ್ತು. ಬೀಸಿದ ಹಿಟ್ಟು ಫಕೀರರಿಗೆ, ದಾರಿಹೋಕರಿಗೆ, ದಂಡಿನವರಿಗೆ. ಹೌಜಿನ ತಳವೇ ಕೆಳಗಿನ ವಿಶಾಲ ಪಡಸಾಲೆಗೆ ಮಾಳಿಗೆ. ಸುಡುವ ವೈಶಾಖದಲ್ಲಿ ಯಾತ್ರಿಕರು ನೀರಿನ ಕೆಳಗೆ ತಣ್ಣಗೆ ಮಲಗಬಹುದಿತ್ತು. ಯಾವ ಅರಮನೆಯಲ್ಲೂ ಇದಕ್ಕಿಂತ ಹೆಚ್ಚಿನ ಸುಖ ಇದ್ದಿರಲಾರದು, ಆದರೆ ಇಲ್ಲಿ ಅದು ಬಂದವರಿಗೆಲ್ಲ ಸಿಕ್ಕಿತು.

ಊರಿನ ಹಣೆಬರಹ ತಿರುಗಿದ್ದು 1763ರಲ್ಲಿ. ಆಸಫ್ ಜಾಹನಿಗೆ ಔರಂಗಾಬಾದೇ ರಾಜಧಾನಿ. ಅಂಬರ್ ಕಟ್ಟಿಸಿದ ನೌಖಂಡಾ ಅರಮನೆಯನ್ನೇ ಅವನು ಹಿಗ್ಗಿಸಿಕೊಂಡಿದ್ದ. ಮಗ ನಿಜಾಮ್ ಅಲಿ ರಾಜಧಾನಿಯನ್ನು ಹೈದರಾಬಾದಿಗೆ ಒಯ್ದಾಗ ಸರದಾರರೂ ಹಿಂದೆಯೇ ಹೋದರು. ಪುರಗಳು ಬರಿದಾದವು, ತೋಟಗಳು ಒಣಗಿದವು. ನಂತರದ ಎರಡು ಶತಮಾನ ಔರಂಗಾಬಾದ್ ಒಂದು ಸುಬೆಯ ಕಚೇರಿಯ ಊರಾಗಿ ಉಳಿಯಿತು. ನಮ್ಮ ಗುಲಬರ್ಗಾ ಅದೇ ರಾಜ್ಯದ ಇನ್ನೊಂದು ಸುಬೆಯ ಕೇಂದ್ರ. 1956ರವರೆಗೆ ರಾಯಚೂರು, ಬೀದರದವರಿಗೂ ಈ ಊರಿನವರಿಗೂ ಒಂದೇ ಸರಕಾರ. ಒಂಬತ್ತು ಖಂಡಗಳ ನೌಖಂಡಾ ಅರಮನೆ, ಊರಿನ ಅತ್ಯಂತ ದೊಡ್ಡ ಮನೆ, ಬಹುಪಾಲು ಕರಗಿ ಹೋಯಿತು. ಅದರ ನೆಲದಲ್ಲಿ ಈಗ ಹೆಣ್ಣುಮಕ್ಕಳ ಕಾಲೇಜು ನಡೆಯುತ್ತಿದೆ.

ನಾಸಿಕದ ಕಡೆ ನೋಡಿದರೆ, ಜನರ ಪಾಲಿಲ್ಲದ್ದು ಉಳಿಯದು ಎಂಬ ಮಾತಿಗೆ ಇನ್ನೊಂದು ಸಾಕ್ಷಿ ಸಿಗುತ್ತದೆ. ಮೊಗಲರ ಕಾಲದಲ್ಲಿ ಗುಲ್ಶನಾಬಾದ್, ಹೂದೋಟದ ಊರು, ಎಂದು ಕರೆಸಿಕೊಂಡ ನಾಸಿಕದ ಪಶ್ಚಿಮಕ್ಕೆ ಗೋದಾವರಿಯ ದಂಡೆಯಲ್ಲಿ ಆನಂದವಲ್ಲಿ ಇದೆ. ಪೇಶ್ವೆ ಮನೆತನದ ರಘುನಾಥರಾಯ ಅಣ್ಣನ ಮಗ ಮಾಧವರಾಯನೊಂದಿಗೆ ಕೂಡಿಬರದೆ ಇಲ್ಲಿ ವಾಡೆ ಕಟ್ಟಿಕೊಂಡು, ಹೆಂಡತಿ ಆನಂದೀಬಾಯಿಯ ಹೆಸರನ್ನು ಹಳ್ಳಿಗೆ ಇಟ್ಟ. ಹೆಸರಿಗೆ ವಿಶ್ರಾಂತಿಯ ಮನೆ, ನಿಜದಲ್ಲಿ ಸಂಚಿನ ಮನೆ. 1768ರಲ್ಲಿ ಧೋಡಪದಲ್ಲಿ ಮಾಧವರಾಯ ಅವನನ್ನು ಸೋಲಿಸಿ ಪುಣೆಯ ಶನಿವಾರವಾಡೆಯಲ್ಲಿ ಸೆರೆಯಿಟ್ಟ. 1773ರ ಆಗಸ್ಟ್ 30ರಂದು, ಮಾಧವರಾಯನ ನಂತರ ಬಂದ ಎಳೆಯ ಪೇಶ್ವೆ ನಾರಾಯಣರಾಯನ ಕೊಲೆಯಾಯಿತು. ನ್ಯಾಯಾಧೀಶ ರಾಮಶಾಸ್ತ್ರಿ ರಘುನಾಥರಾಯನನ್ನೇ ಅಪರಾಧಿ ಎಂದ. ಅವನು ಇಂಗ್ಲಿಷರ ಮರೆಹೊಕ್ಕು 1775ರಲ್ಲಿ ಸೂರತ್ ಒಪ್ಪಂದಕ್ಕೆ ಸಹಿ ಹಾಕಿದ. ಮೊದಲ ಆಂಗ್ಲ-ಮರಾಠಾ ಯುದ್ಧ ಹೊತ್ತಿದ್ದು ಹೀಗೆ. ಮರಾಠರ ಈ ಒಡಕನ್ನು ಬಳಸಿಕೊಂಡೇ ಹೈದರಾಲಿ ತುಂಗಭದ್ರೆಯನ್ನು ದಾಟಿ ಕೃಷ್ಣೆಯವರೆಗೆ ಬೆಳೆದ. ಹಾಗಾಗಿ ಆನಂದವಲ್ಲಿಯ ಕಲಹ ಧಾರವಾಡ ಸೀಮೆಯ ಕಥೆಯೂ ಹೌದು. ರಘುನಾಥರಾಯ 1783ರಲ್ಲಿ ಕೋಪರಗಾಂವದಲ್ಲಿ ತೀರಿಕೊಂಡ. ಹತ್ತು ವರ್ಷ ಅಲ್ಲಿಯೇ ಕಾವಲಿನಲ್ಲಿದ್ದ ಆನಂದೀಬಾಯಿಯನ್ನು, ಆಕೆಗೆ ಇಷ್ಟದ ಜಾಗವೆಂದು, 1793ರಲ್ಲಿ ಆನಂದವಲ್ಲಿಗೆ ತಂದಿಟ್ಟರು. ಮರುವರ್ಷ ಅಲ್ಲಿಯೇ ಆಕೆ ಕೊನೆಯುಸಿರೆಳೆದಳು. ವಾಡೆ ಈಗಿಲ್ಲ. ಅವರ ಕಾಲದ ನವಶ್ಯಾ ಗಣಪತಿಯ ಗುಡಿ ಮಾತ್ರ ನದಿಯ ದಂಡೆಯಲ್ಲಿದೆ, ಹರಕೆ ಹೊತ್ತವರು ಇಂದಿಗೂ ಬರುತ್ತಾರೆ.

ನನ್ನ ಈ ವಾದಕ್ಕೆ ಬರಬಹುದಾದ ಆಕ್ಷೇಪಗಳು ಹಗುರವಲ್ಲ. ಆನಂದವಲ್ಲಿಯ ವಾಡೆ ಅಳಿದದ್ದು ಮನೆತನಕ್ಕೆ ಬಂದ ಕೆಟ್ಟ ಹೆಸರಿನಿಂದ, 1818ರಲ್ಲಿ ಪೇಶ್ವೆಗಳ ರಾಜ್ಯವೇ ಮುಳುಗಿದ್ದರಿಂದ ಎನ್ನಬಹುದು. ನಿಜಾಮಶಾಹಿಯೂ ಮುಳುಗಿತ್ತು, ಅಂಬರನನ್ನು ದ್ವೇಷಿಸಿದವರೇ ಗೆದ್ದು ಬಂದರು. ಆದರೂ ಅವನ ಕಾಲುವೆಯನ್ನು ಅವರು ಮುಚ್ಚಲಿಲ್ಲ, ಏಕೆಂದರೆ ಅದನ್ನು ಮುಚ್ಚಿದರೆ ಬಾಯಾರುವವರು ತಾವೇ ಆಗಿದ್ದರು. ಮಕ್ಬರಾ ಮತ್ತು ಸೋನೇರಿ ಮಹಲು ಉಳಿದದ್ದು ಸರಕಾರದ ಪುರಾತತ್ತ್ವ ಇಲಾಖೆಗಳಿಂದಲ್ಲವೆ ಎಂಬುದು ಎರಡನೆಯ ಪ್ರಶ್ನೆ. ಹೌದು, ಈ ಕೊನೆಯ ನೂರು ವರ್ಷದ ಮಟ್ಟಿಗೆ. ಅದಕ್ಕೂ ಮೊದಲಿನ ಬರಿದಾದ ಶತಮಾನಗಳನ್ನು ದಾಟಿ ಬರಲು ಮಕ್ಬರಾಕ್ಕೆ ನೆರವಾದದ್ದು ಸಮಾಧಿಯ ಮೇಲಿನ ಜನರ ಭಕ್ತಿ, ಪಂಚಕ್ಕಿಗೆ ನೆರವಾದದ್ದು ಉರುಸು ಮತ್ತು ಹಿಟ್ಟು. ಮೂರನೆಯದು ನನಗೂ ಗಂಭೀರವೆನಿಸುತ್ತದೆ: ಈ ತೋಟಗಳೆಲ್ಲ ರೈತನ ಕಂದಾಯದ ಮೇಲೆ ನಿಂತವು, 1630ರ ಭೀಕರ ಬರದಲ್ಲಿ ದಖ್ಖನ್ ಹೆಣದ ರಾಶಿಯಾಗಿದ್ದ ಕಾಲದ ನೆರಳಿನಲ್ಲೇ ಬೆಳೆದವು. ಅವನ್ನು ಹಂಚಿಕೆಯ ಉದಾಹರಣೆ ಎನ್ನುವುದು ಹೇಗೆ? ಇದನ್ನು ನಾನು ಅಲ್ಲಗಳೆಯಲಾರೆ. ಪಾಲು ಸಮನಾಗಿರಲಿಲ್ಲ; ಮಹಲಿಗೆ ಕಾರಂಜಿ, ಕೇರಿಗೆ ಕೊಡ. ಆಳುವವರು ಉದಾರಿಗಳೆಂದು ಹೇಳುವ ಅಗತ್ಯವೂ ಇಲ್ಲ. ಹಂಚಿಕೆ ಅವರ ಮನಸ್ಸಿನಲ್ಲಿರದೆ ಕಾಲುವೆಯ ಸ್ವಭಾವದಲ್ಲಿತ್ತು, ಮತ್ತು ಒಂದು ಕೊಡದಷ್ಟು ನೀರಿನ ಪಾಲಾದರೂ ಸಿಕ್ಕ ಜಾಗವನ್ನು ಜನ ಬಿಟ್ಟುಕೊಡಲಿಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಆ ಪಾಲು ಹಿಗ್ಗಿತು. ಡಾ. ಬಿ.ಆರ್. ಅಂಬೇಡ್ಕರ್ ತಮ್ಮ ಪೀಪಲ್ಸ್ ಎಜುಕೇಷನ್ ಸೊಸೈಟಿಯ ಮೂಲಕ 1950ರಲ್ಲಿ ಇಲ್ಲಿ ಕಾಲೇಜು ತೆರೆದರು, ಮುಂದೆ ಮಿಲಿಂದ ಮಹಾವಿದ್ಯಾಲಯವಾದದ್ದು ಅದೇ. ಆವರಣಕ್ಕೆ ನಾಗಸೇನವನ ಎಂದು ಹೆಸರು. ಸರದಾರರ ಬಾಗ್‌ಗಳ ಊರಿನಲ್ಲಿ, ಶಾಲೆಯ ಹೊಸ್ತಿಲು ತುಳಿಯುವ ಅವಕಾಶವೇ ಸಿಗದಿದ್ದವರ ಮಕ್ಕಳಿಗಾಗಿ ಒಂದು ವನ. 1958ರಲ್ಲಿ ಮರಾಠವಾಡಾ ವಿಶ್ವವಿದ್ಯಾಲಯ ಸೋನೇರಿ ಮಹಲಿನ ನೆರೆಯಲ್ಲೇ, ಅದೇ ಗುಡ್ಡಗಳ ತಪ್ಪಲಿನಲ್ಲಿ ನೆಲೆಗೊಂಡಿತು. ಅದಕ್ಕೆ ಅಂಬೇಡ್ಕರರ ಹೆಸರಿಡಲು 1978ರಲ್ಲಿ ವಿಧಾನಮಂಡಲ ಒಪ್ಪಿದಾಗ ವಿರೋಧ ಎದ್ದು ಹಳ್ಳಿಗಳಲ್ಲಿ ದಲಿತರ ಮನೆಗಳು ಉರಿದವು. ಹೆಸರು ಬರಲು 1994ರ ಜನವರಿ 14ರವರೆಗೆ ಹೋರಾಡಬೇಕಾಯಿತು. ಹಿಮಾಯತ್ ಬಾಗ್ ಪರಭಣಿಯ ಕೃಷಿ ವಿಶ್ವವಿದ್ಯಾಲಯದ ಹಣ್ಣಿನ ಸಂಶೋಧನಾ ಕೇಂದ್ರವಾಯಿತು. ಪೈಠಣದ ಹಳೆಯ ಹೆಸರು ಹೊತ್ತ ‘ಪ್ರತಿಷ್ಠಾನ’ ಹುಣಸೆ ತಳಿ ಅಲ್ಲಿಂದ ಬಂದದ್ದು. ಎದುರಿನ ಖಿಜ್ರಿ ತಲಾಬು ಇಂದು ಪಕ್ಷಿತಜ್ಞ ಸಲೀಂ ಅಲಿಯ ಹೆಸರಿನ ಕೆರೆ.

ಇಷ್ಟಾಗಿಯೂ ನೀರನ್ನೇ ಊರು ಮರೆಯಿತು. 1976ರಲ್ಲಿ ಪೈಠಣದ ಜಾಯಕವಾಡಿ ಅಣೆಕಟ್ಟು ಉದ್ಘಾಟನೆಯಾಯಿತು. ಊರಿನ ಕುಡಿಯುವ ನೀರು ಈಗ ಅಲ್ಲಿಂದ ಪಂಪುಗಳಲ್ಲಿ ಏರಿ ಬರುತ್ತದೆ. ನಹರಿನ ಕಂಡಿಗಳ ಮೇಲೆ ಮನೆಗಳೆದ್ದವು, ಎಷ್ಟೋ ಕಡೆ ಕೊಳಚೆ ಸೇರಿತು. ಜಾಯಕವಾಡಿ ತುಂಬುವುದಾದರೂ ನಾಸಿಕದಿಂದ. ಆನಂದವಲ್ಲಿಯ ಮೇಲೆಯೇ ಇರುವ ಗಂಗಾಪುರ ಅಣೆಕಟ್ಟಿನಿಂದ, ಅದರ ಜೊತೆಯ ಅಣೆಗಳಿಂದ ನೀರು ಬಿಡಬೇಕೆಂದು ಮರಾಠವಾಡಾ, ಬಿಡಲಾರೆವೆಂದು ನಾಸಿಕ ಮತ್ತು ಅಹಮದ್‌ನಗರದ ರೈತರು. ಕೃಷ್ಣೆ-ಕಾವೇರಿಗಳ ಜಗಳ ಕಂಡ ನಮಗೆ ಎರಡೂ ಕಡೆಯ ಸಂಕಟ ಗೊತ್ತು. 2005ರ ಕಾನೂನು ಸಮನ್ಯಾಯದ ಹಂಚಿಕೆ ಎಂದಿತು, 2016ರಲ್ಲಿ ಬಾಂಬೆ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಊರಿನ ನಲ್ಲಿಗಳಲ್ಲಿ ಮಾತ್ರ ಹಲವು ದಿನಗಳಿಗೊಮ್ಮೆ ನೀರು.

ಹಳೆಯ ಕಾಲುವೆಗಳು ಲಕ್ಷಾಂತರ ಜನರ ಬಾಯಾರಿಕೆ ತೀರಿಸಲಾರವು, ಆ ಭ್ರಮೆ ಬೇಡ. ತಮ್ಮಿಂದ ಹುಟ್ಟಿದ ತೋಟಗಳನ್ನಾದರೂ ಅವು ತೋಯಿಸಬಲ್ಲವು. ಹಾಗಾಗಬೇಕಾದರೆ ಸ್ಮಾರಕದ ಗೋಡೆಯ ಸುತ್ತ ಬೇಲಿ ಹಾಕಿದರೆ ಸಾಲದು. ಗುಡ್ಡದ ಊಟೆಯಿಂದ ಹೌಜಿನವರೆಗಿನ ಇಡೀ ದಾರಿಯನ್ನು ಗುರುತಿಸಿ ಕಾಯಬೇಕು. ಬೀದರಿನ ನೌಬಾದ್ ಕರೇಜ್‌ನಲ್ಲಿ ಕಳೆದ ದಶಕದಲ್ಲಿ ಹೂಳು ತೆಗೆದಾಗ ಅದು ಆಗುವ ಕೆಲಸವೆಂದು ಕಂಡಿದೆ. ಮುಂದಿನ ಬಾರಿ ಕೈಲಾಸಕ್ಕೆ ಹೊರಟವರು ಈ ಊರಿಗೆ ಅರ್ಧ ದಿನ ಹೆಚ್ಚು ಕೊಡಲಿ: ಪಂಚಕ್ಕಿಯಿಂದ ಬೇಗಂಪುರಕ್ಕೆ, ಅಲ್ಲಿಂದ ಸೋನೇರಿ ಮಹಲಿಗೆ, ಕೊನೆಗೆ ಹಿಮಾಯತ್ ಬಾಗಿಗೆ. ಬರುವಾಗ ಬೀದರಿನಲ್ಲಿ ಇಳಿದು ನೌಬಾದನ್ನೂ ನೋಡಲಿ.